ಎಂಟು ತಂತಿಯ ಊರಿನಲ್ಲಿ ಒಂದು ಸಂಜೆ

ಪಬ್ಬಿನ ಬಾಗಿಲಲ್ಲಿ ನಿಂತು ಹಿಂದೆ ಮುಂದೆ ನೋಡಿದೆ. ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ಸಂಜೆ ಹೊತ್ತಿನಲ್ಲಿ ಹೆಂಡದಂಗಡಿಗೆ ಹೋಗುವುದೆ? ‘ಒಳಗೆ ಚಹಾನೂ ಸಿಗುತ್ತೆ ಅಪ್ಪ, ಬನ್ನಿ’ ಎಂದು ಮಗ ಕೈಹಿಡಿದು ಎಳೆದ. ಒಳಗೆ ಹೋಗಿ ನೋಡಿದರೆ ಅಚ್ಚರಿ! ಹತ್ತು ಹನ್ನೆರಡು ವರ್ಷದ ಮಕ್ಕಳು ಪಿಟೀಲು, ಕೊಳಲು ಹಿಡಿದು ತಂದೆತಾಯಿಯರ ಪಕ್ಕದಲ್ಲೇ ಕುಳಿತಿದ್ದಾರೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಒಬ್ಬರು ಶುರುಮಾಡಿದ ಮಟ್ಟನ್ನು ಉಳಿದವರು ಒಬ್ಬೊಬ್ಬರಾಗಿ ಸೇರಿಕೊಂಡು ನುಡಿಸುತ್ತಿದ್ದಾರೆ.

ಇದು ಐರ್ಲೆಂಡಿನ ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಲ್‌ಬೇ. ಅಟ್ಲಾಂಟಿಕ್ ಸಾಗರದ ಹತ್ತಿರ, ಸುಮಾರು ಸಾವಿರ ಜನರಿರುವ ಪುಟ್ಟ ಊರು. ನನ್ನ ಮಗ ಗಾಲ್‌ವೇ ನಗರದಲ್ಲಿ ಎಂಜಿನಿಯರ್. ೨೦೨೪ರ ಜುಲೈನಲ್ಲಿ ಅವನ ಮನೆಗೆ ಹೋಗಿದ್ದಾಗ ಕಾರಿನಲ್ಲಿ ಇಲ್ಲಿಗೆ ಕರೆದುಕೊಂಡು ಬಂದ. ದಾರಿಯಲ್ಲಿ ಬರೆನ್ ಎಂಬ ಸುಣ್ಣಕಲ್ಲಿನ ಬಯಲು ಸಿಗುತ್ತದೆ. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಬೆಚ್ಚಗಿನ ಸಮುದ್ರದ ತಳವಾಗಿದ್ದ ಜಾಗ. ಈಗ ಬೂದು ಬಂಡೆಗಳ ಸಂದಿಯಲ್ಲಿ ಹೂವು ಅರಳುತ್ತವೆ. ಪಾಠದ ಚಾಳಿ ಬಿಡದ ನಾನು ಇಳಿದು ಕಲ್ಲಿನಲ್ಲಿ ಪಳೆಯುಳಿಕೆ ಹುಡುಕುತ್ತ ಅರ್ಧ ಗಂಟೆ ಕಳೆದೆ.

ವಿಲ್ಲಿ ಕ್ಲಾನ್ಸಿ ಎಂಬ ಹೆಸರಾಂತ ಪೈಪ್ ವಾದಕ ಹುಟ್ಟಿದ್ದು ಈ ಊರಿನಲ್ಲಿ. ಅವರು ೧೯೭೩ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ನೆನಪಿಗೆ ಬೇಸಿಗೆ ಸಂಗೀತ ಶಾಲೆ ಆರಂಭವಾಯಿತು. ಪ್ರತಿ ಜುಲೈನಲ್ಲಿ ಹಗಲು ಪಾಠ. ಸಂಜೆ ಹೀಗೆ ಪಬ್ಬುಗಳಲ್ಲಿ, ಅಡುಗೆಮನೆಗಳಲ್ಲಿ ವಾದನ.

ಹೆಸರು ಎರಡು, ವಾದ್ಯ ಒಂದು

ಗುಂಪಿನ ನಡುವೆ ನೆರೆಗೂದಲಿನ ಹಿರಿಯರೊಬ್ಬರು ಮ್ಯಾಂಡೊಲಿನ್ನಿನ ಅಣ್ಣನಂತಿದ್ದ ವಾದ್ಯ ನುಡಿಸುತ್ತಿದ್ದರು. ಅದೇ ಎಂಟು ತಂತಿ, ಎರಡೆರಡರ ನಾಲ್ಕು ಜೋಡಿ. ದನಿ ಮಾತ್ರ ಕೆಳಗೆ, ಗಂಭೀರ. ಮಾತನಾಡಿಸಿದಾಗ ‘ಮ್ಯಾಂಡೋಲಾ’ ಎಂದರು. ಪಕ್ಕದವರು ‘ಆಕ್ಟೇವ್ ಮ್ಯಾಂಡೊಲಿನ್’ ಎಂದು ತಿದ್ದಿದರು! ಶಾಸ್ತ್ರದ ಪ್ರಕಾರ ಮ್ಯಾಂಡೋಲಾ ಎಂದರೆ ಮ್ಯಾಂಡೊಲಿನ್ನಿಗಿಂತ ಐದು ಸ್ವರ ಕೆಳಗಿನದು. ಆಕ್ಟೇವ್ ಮ್ಯಾಂಡೊಲಿನ್ ಪೂರ್ತಿ ಒಂದು ಸ್ಥಾಯಿ ಕೆಳಗಿನದು. ಐರ್ಲೆಂಡಿನಲ್ಲಿ ಈ ಎರಡನೆಯದನ್ನೂ ಮ್ಯಾಂಡೋಲಾ ಎಂದೇ ಕರೆಯುವ ರೂಢಿಯಿದೆ.

ವಿದ್ಯಾರ್ಥಿಗಳೇ, ಇಲ್ಲೊಂದು ಲೆಕ್ಕವಿದೆ. ಮ್ಯಾಂಡೊಲಿನ್ನಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ೧೯೬ ಬಾರಿ ಕಂಪಿಸುತ್ತದೆ. ಒಂದು ಸ್ಥಾಯಿ ಕೆಳಗೆ ಬೇಕೆಂದರೆ ಅದರ ಅರ್ಧ, ಅಂದರೆ ೯೮. ತಂತಿಯ ಉದ್ದವನ್ನು ಎರಡು ಪಟ್ಟು ಮಾಡಿದರೆ ಕಂಪನ ಅರ್ಧವಾಗುತ್ತದೆ ಎಂದು ಮೆರ್ಸೆನ್ ಎಂಬ ಫ್ರೆಂಚ್ ವಿದ್ವಾಂಸ ೧೬೩೬ರ ತನ್ನ ಗ್ರಂಥದಲ್ಲೇ ಹೇಳಿದ್ದಾನೆ. ಮ್ಯಾಂಡೊಲಿನ್ನಿನ ತಂತಿ ಸುಮಾರು ೩೫ ಸೆಂಟಿಮೀಟರ್. ಹಾಗಾದರೆ ೭೦ ಬೇಕಲ್ಲವೆ? ಅಷ್ಟು ಉದ್ದವಾದರೆ ಮೆಟ್ಟುಗಳು ದೂರ ದೂರವಾಗಿ ಚುರುಕಾದ ಮಟ್ಟಿಗೆ ಬೆರಳು ಎಟಕುವುದಿಲ್ಲ. ಅದಕ್ಕೇ ಉದ್ದವನ್ನು ಸುಮಾರು ೫೦ರಿಂದ ೫೫ಕ್ಕೆ ನಿಲ್ಲಿಸಿ, ಉಳಿದ ಕೆಲಸವನ್ನು ದಪ್ಪ ತಂತಿಗೆ ಬಿಡುತ್ತಾರೆ. ಭಾರ ಹೆಚ್ಚಿದಷ್ಟೂ ತಂತಿ ನಿಧಾನವಾಗಿ ಕಂಪಿಸುತ್ತದೆ. ಸೋನೋಮೀಟರಿನ ಮೇಲೆ ತೂಕ ನೇತುಹಾಕಿ ನಾವು ಕಲಿಯುವುದೂ ತಂತಿಯ ಇದೇ ನಿಯಮಗಳನ್ನು.

ಈ ಕೆಳದನಿಯ ವಾದ್ಯ ಐರಿಶ್ ಜನಪದ ಸಂಗೀತಕ್ಕೆ ಬಂದದ್ದು ಇತ್ತೀಚೆಗೆ. ೧೯೬೦ರ ದಶಕದಲ್ಲಿ ಜಾನಿ ಮೊಯ್ನಿಹಾನ್ ಗ್ರೀಸ್ ದೇಶದ ಬುಝೂಕಿಯನ್ನು ತಂದು ನುಡಿಸಿದರು. ೧೯೭೨ರಲ್ಲಿ ಹುಟ್ಟಿದ ‘ಪ್ಲ್ಯಾಂಕ್‌ಸ್ಟಿ’ ತಂಡದಲ್ಲಿ ಆಂಡಿ ಇರ್ವಿನ್ ಮ್ಯಾಂಡೊಲಿನ್, ಮ್ಯಾಂಡೋಲಾ ಹಿಡಿದರೆ ಡೋನಲ್ ಲನ್ನಿ ಬುಝೂಕಿ ಹಿಡಿದರು. ಕ್ರಿಸ್ಟಿ ಮೂರ್ ಹಾಡುಗಾರ. ಲೀಯಮ್ ಓಫ್ಲಿನ್ ಪೈಪ್ ವಾದಕರು. ಪೈಪ್ ಮಟ್ಟನ್ನು ನುಡಿಸಿದರೆ ಈ ಎರಡು ತಂತಿವಾದ್ಯಗಳು ಅದರ ಸುತ್ತ ಬೇರೆ ಎಳೆಗಳನ್ನು ನೇಯುತ್ತಿದ್ದವು. ಮುಂದೆ ‘ಬಾಥಿ ಬ್ಯಾಂಡ್’, ‘ಡಿ ಡ್ಯಾನನ್’ ತಂಡಗಳೂ ಇದೇ ಬಗೆಯ ಜೋಡಿ ತಂತಿಯನ್ನು ನೆಚ್ಚಿಕೊಂಡವು. ಮಗನ ಕಾರಿನಲ್ಲಿ ಕೇಳಿದ್ದು ಇವರನ್ನೇ.

ಜಿಗ್ ಎಂಬ ಕುಣಿತದ ಮಟ್ಟು ಬಂದಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ‘ತಕಿಟ ತಕಿಟ’ ಎಂದು ಹಾಕತೊಡಗಿತು. ಆರೆಣಿಕೆ, ತಪ್ಪುವ ಮಾತೇ ಇಲ್ಲ. ಇನ್ನೊಂದು ವಿಶೇಷ ಕೇಳಿ. ಇರ್ವಿನ್ ೧೯೬೮ರಲ್ಲಿ ಬಾಲ್ಕನ್ ನಾಡುಗಳನ್ನು ಸುತ್ತಿ ಅಲ್ಲಿನ ಲಯಗಳನ್ನು ಕಲಿತು ಬಂದವರು. ಬಲ್ಗೇರಿಯದ ಕುಣಿತಗಳಲ್ಲಿ ಏಳೆಣಿಕೆ ಸಾಮಾನ್ಯ. ಅದು ನಮ್ಮ ಮಿಶ್ರಛಾಪುವಿನ ನೆಂಟನೇ ತಾನೆ?

ಮರೆತ ವರ್ಣ

ನಾವು ಆಸೆಯಿಂದ ನೋಡುತ್ತಿದ್ದುದನ್ನು ಕಂಡು ಆ ಹಿರಿಯರು ವಾದ್ಯವನ್ನು ಮಗನ ಕೈಗೆ ಕೊಟ್ಟರು. ನಾನು ತಲೆ ತಗ್ಗಿಸಿದೆ. ಕಾರಣ ಹೇಳಲೇಬೇಕು.

ಮಗ ಪ್ರಾಥಮಿಕ ಶಾಲೆಯಲ್ಲಿದ್ದಾಗ ಟಿ.ವಿ.ಯಲ್ಲಿ ಮ್ಯಾಂಡೊಲಿನ್ ಶ್ರೀನಿವಾಸ್ ಕಛೇರಿ ನೋಡಿ ಹಟ ಹಿಡಿದ. ಆ ಮಹಾನುಭಾವರು ಜೋಡಿ ತಂತಿಗೆ ಬದಲು ಒಂಟಿ ತಂತಿಯ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಗಮಕ ತೆಗೆದು ಕರ್ನಾಟಕ ಸಂಗೀತದ ವಿದ್ವಾಂಸರನ್ನೇ ಬೆರಗುಗೊಳಿಸಿದವರು, ೨೦೧೪ರಲ್ಲಿ ತೀರಿಹೋದರು. ಮಗನಿಗೂ ಒಂದು ಸಾಧಾರಣ ವಾದ್ಯ ಕೊಡಿಸಿದೆ. ವರ್ಣದವರೆಗೆ ಬಂದ. ಎಸ್ಸೆಸ್ಸೆಲ್ಸಿಯ ವರ್ಷ ಅದನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ‘ಪರೀಕ್ಷೆ ಮುಗಿಯಲಿ’ ಎಂದೆ. ಅದರ ಹಿಂದೆ ಪಿಯುಸಿ, ಸಿಇಟಿ, ಎಂಜಿನಿಯರಿಂಗ್. ಪರೀಕ್ಷೆ ಮುಗಿಯಲೇ ಇಲ್ಲ.

ಮಗ ಒಂದೇ ತಂತಿಯ ಮೇಲೆ ಸರಳೆ ವರಸೆ ನುಡಿಸಿದ. ಆಮೇಲೆ ಮೋಹನ ವರ್ಣದ ಮೊದಲ ಸಾಲು, ತಡವರಿಸುತ್ತ. ಗುಂಪಿನ ಮಕ್ಕಳು ಸದ್ದು ಮಾಡದೆ ಕೇಳಿದರು. ಎರಡನೆಯ ಸಾಲಿಗೆ ಬೆರಳು ನಿಂತಿತು. ‘ಮೆಟ್ಟು ದೂರ ಅಪ್ಪ, ಅಭ್ಯಾಸವಿಲ್ಲ’ ಎಂದು ನಕ್ಕ. ಸ್ವಲ್ಪ ಹೊತ್ತಿನ ಮೇಲೆ, ‘ಮರೆತೂ ಹೋಗಿದೆ’ ಎಂದ. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೊರಗೆ ಬಂದಾಗ ರಾತ್ರಿ ಹತ್ತಾಗಿದ್ದರೂ ಆಕಾಶದಲ್ಲಿ ಬೆಳಕಿತ್ತು. ಬೀದಿಯಲ್ಲಿ ಒಬ್ಬ ತಾಯಿ ಮಗಳ ಪಿಟೀಲಿನ ಪೆಟ್ಟಿಗೆ ಹೊತ್ತು ಹೋಗುತ್ತಿದ್ದಳು. ಆ ಮಕ್ಕಳಿಗೂ ಶಾಲೆ ಇದೆ, ಪರೀಕ್ಷೆಯೂ ಇದೆ.

ಊರಿಗೆ ಮರಳಿ ಮೊದಲು ಮಾಡಿದ ಕೆಲಸ ಅಟ್ಟ ಹತ್ತಿದ್ದು. ಎರಡು ತಂತಿ ಹರಿದಿದ್ದವು, ಉಳಿದವು ತುಕ್ಕು. ಹೊಸದು ಕಟ್ಟಿಸಿ ಶಾಲೆಗೆ ಒಯ್ದೆ. ಶಬ್ದದ ಪಾಠಕ್ಕೆ ಈಗ ಅದೇ ನನ್ನ ಉಪಕರಣ. ಪಾಠ ಮುಗಿದ ಮೇಲೂ ಹತ್ತನೆಯ ತರಗತಿಯ ಒಬ್ಬ ಹುಡುಗಿ ಅಲ್ಲೇ ನಿಂತು ತಂತಿ ಮೀಟುತ್ತಾಳೆ. ‘ಸಾರ್, ಇನ್ನೊಂದು ಸಲ?’ ಎನ್ನುತ್ತಾಳೆ. ನಾನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಕಾಯುತ್ತೇನೆ.