ಏಳದೇ ಉಂಡ ಊಟ

ಅಲಾಸ್ಕಾಗೆ ಹೋಗಿ ಬಂದವರನ್ನು ಕಂಡರೆ ಎಲ್ಲರೂ ಮೊದಲು ಕೇಳುವುದು ಹಿಮದ ವಿಷಯ, ಆಮೇಲೆ ಕರಡಿಯ ವಿಷಯ. ಹಿಮ ನೋಡಿದೆವು. ಎಂಡಿಕಾಟ್ ಆರ್ಮ್ ಅನ್ನುವ ಕಡಲ ಸೀಳಿನೊಳಗೆ ಹಡಗು ಮೆಲ್ಲಗೆ ತೂರಿಕೊಂಡು ಹೋಯಿತು. ಎದುರಿಗೆ ಡಾಸ್ ಹಿಮನದಿ ನೀರಿನವರೆಗೂ ಇಳಿದು ನಿಂತಿತ್ತು. ಮಂಜುಗಡ್ಡೆ ಅಷ್ಟು ನೀಲಿಯಾಗಿರಬಹುದು ಅಂತ ನಾನು ಎಣಿಸಿರಲಿಲ್ಲ. ವರ್ಷಗಟ್ಟಲೆ ಒತ್ತಿ ಒತ್ತಿ ಗಾಳಿಯೆಲ್ಲ ಹೊರಟುಹೋದ ಹಿಮ ಕೆಂಪು ಬೆಳಕನ್ನು ನುಂಗಿಕೊಂಡು ನೀಲಿಯನ್ನಷ್ಟೇ ಹೊರಗೆ ಬಿಡುತ್ತದಂತೆ. ಕರಡಿ ಕಾಣಲಿಲ್ಲ. ಅಲ್ಲಿಗೆ ಆ ಎರಡೂ ಪ್ರಶ್ನೆ ಮುಗಿಯಿತು. ನಾನು ಹೇಳಬೇಕೆಂದಿರುವುದು ಒಂದು ರಾತ್ರಿಯೂಟದ ಕಥೆ. ಜೂನ್ ತಿಂಗಳಲ್ಲಿ ಅಲ್ಲಿ ಹತ್ತು ಗಂಟೆಯವರೆಗೆ ಸೂರ್ಯ ಮುಳುಗುವುದಿಲ್ಲ, ಆದ್ದರಿಂದ ಬಾಯಿಮಾತಿಗಷ್ಟೇ ರಾತ್ರಿಯೂಟ.

ಮಗಳು ಅಳಿಯ ಇರುವುದು ಸಿಯಾಟಲ್‌ನಲ್ಲಿ. ಮೊಮ್ಮಕ್ಕಳಿಬ್ಬರಿಗೂ ಮಿಕ್ಕಿ ಮೌಸ್ ಹುಚ್ಚು, ಹಾಗಾಗಿ ಡಿಸ್ನಿ ಕಂಪನಿಯ ‘ವಂಡರ್’ ಹಡಗು. ಹೊರಡುವುದು ಕೆನಡಾದ ವ್ಯಾಂಕೂವರಿನಿಂದ. ಅಮೆರಿಕದ ವೀಸಾ ಸಾಲದೆಂದು ನಮ್ಮಿಬ್ಬರಿಗೆ ಕೆನಡಾ ವೀಸಾ ಬೇರೆ ಮಾಡಿಸಿದರು. ಅಲಾಸ್ಕಾ ಅಮೆರಿಕದ್ದೇ ಅಲ್ಲವಾ, ನಡುವೆ ಕೆನಡಾ ಯಾಕೆ ಅಂತ ನಮ್ಮವರು ಕೇಳಿದರು. ಅದಕ್ಕೆ 1886ರ ಕಾನೂನೊಂದು ಕಾರಣವಂತೆ. ಬೇರೆ ದೇಶದ ಬಾವುಟ ಹಾಕಿದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಜನರನ್ನು ಸಾಗಿಸುವ ಹಾಗಿಲ್ಲ. ಈ ಹಡಗಿನ ಬಾವುಟ ಬಹಾಮಾಸ್ ದೇಶದ್ದು. ಅಳಿಯ ಇದನ್ನು ಬಿಡಿಸಿ ಹೇಳಿದಾಗ ನಮ್ಮವರಿಗೆ ವೀಸಾ ಖರ್ಚಿನ ಸಿಟ್ಟೆಲ್ಲ ಇಳಿದುಹೋಯಿತು. ನಿಯಮ ಹಳೆಯದಾದಷ್ಟೂ ಅವರಿಗೆ ಗೌರವ ಜಾಸ್ತಿ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಹಡಗಿನ ಉದ್ದ 294 ಮೀಟರ್ ಅಂತ ಓದಿದ ತಕ್ಷಣ “ಹದಿಮೂರು ಬೋಗಿ” ಅಂದರು.

ಹಡಗಿನಲ್ಲಿ ರಾತ್ರಿಯೂಟಕ್ಕೆ ಮೂರು ದೊಡ್ಡ ಹಾಲ್‌ಗಳಿವೆ. ದಿನಕ್ಕೊಂದು ಹಾಲಿಗೆ ನಮ್ಮನ್ನು ಕಳಿಸುತ್ತಾರೆ, ಬಡಿಸುವವರು ಮಾತ್ರ ನಮ್ಮ ಹಿಂದೆಯೇ ಬರುತ್ತಾರೆ. ನಮ್ಮ ಮೇಜಿಗೆ ಸಿಕ್ಕಿದ್ದು ಮಂಗಳೂರು ಕಡೆಯ ಹುಡುಗ. ಮೊದಲ ರಾತ್ರಿಯೇ, “ಆಂಟಿ, ನಾಳೆಯಿಂದ ಅನ್ನ, ದಾಲ್ ಮಾಡಿಸ್ತೇನೆ, ನೀವು ತಲೆಬಿಸಿ ಮಾಡ್ಬೇಡಿ” ಅಂದ. ಅಂದಂತೆ ಮಾಡಿಸಿದ. ನಮ್ಮವರು ಆ ಹುಡುಗನಿಗೆ ಒಲಿದುಬಿಟ್ಟರು. ಆ ಮೇಜಿನಲ್ಲೂ ನನ್ನ ಕೆಲಸವೇನೂ ತಪ್ಪಲಿಲ್ಲ ಅನ್ನಿ. ಚಿಕ್ಕವನಿಗೆ ತುತ್ತಿಡಬೇಕು, ದೊಡ್ಡವಳ ಪಿಜ್ಜಾ ಕತ್ತರಿಸಿ ಕೊಡಬೇಕು, ಮಗಳು ತಿನ್ನಲಿ ಅಂತ ಇಬ್ಬರನ್ನೂ ಬಾತ್‌ರೂಮಿಗೆ ನಾನೇ ಕರೆದೊಯ್ಯಬೇಕು. ಬಂದು ಕೂರುವ ಹೊತ್ತಿಗೆ ದಾಲ್ ಆರಿರುತ್ತಿತ್ತು. ಆರಿದ್ದನ್ನು ತಿನ್ನುವುದು ನನಗೆ ರೂಢಿ, ಬೇಜಾರಿರಲಿಲ್ಲ.

ಹಡಗಿನ ಹತ್ತನೇ ಅಂತಸ್ತಿನ ಹಿಂಬದಿಯಲ್ಲಿ ‘ಪಾಲೋ’ ಅಂತ ಇನ್ನೊಂದು ಹೋಟೆಲ್ ಇದೆ. ಇಟಲಿಯ ಅಡುಗೆ. ಹದಿನೆಂಟು ತುಂಬದವರಿಗೆ ಒಳಗೆ ಪ್ರವೇಶವೇ ಇಲ್ಲ. ನಮ್ಮ ಮದುವೆಯ ದಿನ ಮೇ ತಿಂಗಳಲ್ಲೇ ಆಗಿಹೋಗಿತ್ತು. ಮಗಳು ಅದನ್ನು ನೆಪ ಮಾಡಿಕೊಂಡು ನಮಗೆ ಗೊತ್ತಿಲ್ಲದ ಹಾಗೆ ಇಬ್ಬರಿಗೆ ಮೇಜು ಕಾದಿರಿಸಿದ್ದಳು. ಹೇಳಿದ್ದು ಆ ದಿನ ಬೆಳಿಗ್ಗೆ.

“ಟಿಕೆಟ್ಟಲ್ಲೇ ಊಟ ಸೇರಿರುವಾಗ ಮೇಲೆ ದುಡ್ಡು ಕೊಟ್ಟು ಇನ್ನೊಂದು ಊಟ ಯಾಕೆ? ಆ ಹುಡುಗ ಪಾಪ ಅನ್ನ ಮಾಡಿಸಿಟ್ಟಿರ್ತಾನೆ” ಅಂದರು ಇವರು.

“ಈಗ ಕ್ಯಾನ್ಸಲ್ ಮಾಡಿದ್ರೆ ದುಡ್ಡು ಕಟ್ ಮಾಡ್ತಾರೆ ಅಪ್ಪ” ಅಂದಳು ಮಗಳು. ಅಪ್ಪನ ಮಗಳೇ ಅವಳು. ಇವರು ಮಾತಾಡದೆ ಅಳಿಯನ ಕೋಟು ಹಾಕಿ ನೋಡಲು ಹೋದರು.

ನಾವಿಬ್ಬರೂ ಎದುರುಬದುರು ಕೂತು ಉಂಡದ್ದಿಲ್ಲ ಅಂದರೆ ಈಗಿನವರು ನಂಬುವುದಿಲ್ಲ. ಮದುವೆಯಾಗಿ ಹೋದದ್ದು ಅರಸೀಕೆರೆ ಹತ್ತಿರದ ತುಂಬಿದ ಮನೆಗೆ. ಗಂಡಸರು, ಮಕ್ಕಳು ಮೊದಲ ಪಂಕ್ತಿ. ಅವರೆದ್ದ ಮೇಲೆ ಅತ್ತೆ, ನಾದಿನಿಯರು. ಹೊಸ ಸೊಸೆ ಕೊನೆಗೆ. ಆಮೇಲೆ ಬಾಣಾವರದಲ್ಲಿ ರೈಲ್ವೆ ಕ್ವಾರ್ಟರ್ಸ್ ಸಿಕ್ಕಿತು, ಇನ್ನು ನಾವಿಬ್ಬರೇ ಅಂದುಕೊಂಡೆ. ಎಂಟರಿಂದ ನಾಲ್ಕು, ನಾಲ್ಕರಿಂದ ಹನ್ನೆರಡು, ಹನ್ನೆರಡರಿಂದ ಎಂಟು, ಹೀಗೆ ಡ್ಯೂಟಿ ಸುತ್ತುತ್ತಿತ್ತು. ಒಂದು ಪಾಳಿಯ ಊಟ ಕ್ಯಾರಿಯರಿನಲ್ಲಿ ಹೋಗುತ್ತಿತ್ತು, ಇನ್ನೊಂದು ಪಾಳಿಯಲ್ಲಿ ಇವರು ಮಲಗಿರುತ್ತಿದ್ದರು. ರಜೆಯ ದಿನ ಮನೆಯಲ್ಲಿ ಉಣ್ಣಲು ಕೂತರೂ ಕಿವಿ ಪ್ಲಾಟ್‌ಫಾರಂ ಕಡೆಗೇ. ದೂರದಲ್ಲಿ ಸೀಟಿ ಕೇಳಿದರೆ ಸಾಕು, ಸಾರನ್ನದ ಕೈಯಲ್ಲೇ ಎದ್ದು ಕಿಟಕಿಗೆ ಹೋಗಿ, “ಏಳು ನಿಮಿಷ ಲೇಟು” ಅಂತ ಹೇಳಿ ಬರುತ್ತಿದ್ದರು. ಆ ರೈಲಿಗೂ ಇವರಿಗೂ ಆ ದಿನ ಸಂಬಂಧವೇ ಇರುತ್ತಿರಲಿಲ್ಲ. ನನ್ನದೂ ಅದೇ ಕಥೆ. ಅವರು ಏಳುತ್ತಿದ್ದುದು ರೈಲಿಗೆ, ನಾನು ಮಜ್ಜಿಗೆಗೆ, ಉಪ್ಪಿಗೆ, ಬಾಗಿಲಿಗೆ, ಮಗುವಿಗೆ.

ಆ ಸಂಜೆ ಮೈಸೂರು ಸಿಲ್ಕ್ ಉಟ್ಟೆ. ಮೇಲೊಂದು ಸ್ವೆಟರ್. ಇವರು ಅಳಿಯನ ಕಪ್ಪು ಕೋಟಿನಲ್ಲಿ, ತೋಳು ಎರಡಂಗುಲ ಉದ್ದ. ಕೈಯಲ್ಲಿ ಎಚ್‌ಎಂಟಿ ವಾಚು. ಅಲಾಸ್ಕಾ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ ಅಂತ ಹಡಗಿನವರು ಎಲ್ಲರ ಗಡಿಯಾರ ಬದಲಿಸಲು ಹೇಳಿದ್ದರು. ಇವರು ಬದಲಿಸಿರಲಿಲ್ಲ, ಪ್ರತಿ ಸಲ ಒಂದು ಕಳೆದು ಹೇಳುತ್ತಿದ್ದರು.

ಹೋಟೆಲಿನೊಳಗೆ ಕಾಲಿಟ್ಟಾಗ ಮೊದಲು ಗಮನಕ್ಕೆ ಬಂದದ್ದು ಸದ್ದು ಇಲ್ಲದಿರುವುದು. ಸಾವಿರಾರು ಜನರಿರುವ ಹಡಗಿನಲ್ಲಿ ಮಕ್ಕಳ ಕಿರುಚಾಟವಿಲ್ಲದ ಜಾಗ ಅದೊಂದೇ ಇರಬೇಕು. ಕಿಟಕಿಯ ಪಕ್ಕದ ಮೇಜು. ಜೂನೋ ಪಟ್ಟಣ ಬಿಟ್ಟು ಹಡಗು ದಕ್ಷಿಣಕ್ಕೆ ಹೊರಟಿತ್ತು. ಎರಡೂ ಕಡೆ ಕಪ್ಪುಹಸಿರು ಬೆಟ್ಟ, ನೆತ್ತಿಯಲ್ಲಿ ಹಿಮ. ಬಡಿಸಲು ಬಂದಾತ ಇಟಲಿಯವನು, ಮಾತುಗಾರ. ಹಡಗು 1999ರಲ್ಲಿ ಪ್ರಯಾಣ ಶುರುಮಾಡಿದ್ದು, ಕಟ್ಟಿದ್ದು ತಮ್ಮ ದೇಶದಲ್ಲೇ, ವೆನಿಸ್ ಪಕ್ಕದ ಮಾರ್ಗೇರಾದಲ್ಲಿ ಅಂತ, ತಾನೇ ಮೊಳೆ ಹೊಡೆದವನಂತೆ ಹೇಳಿದ. ಕೂತ ಕೂಡಲೇ ನನ್ನ ತೊಡೆಯ ಮೇಲೆ ನ್ಯಾಪ್‌ಕಿನ್ ಹಾಸಿದ. ನಾನು ಗಾಬರಿಯಾಗಿ ಎದ್ದೆ. ಅವನು ನಕ್ಕು, ಕೂರಿ ಅಂತ ಕೈಸನ್ನೆ ಮಾಡಿದ.

ಮೊದಲು ತಳ್ಳುಗಾಡಿ ಬಂತು. ಆಲಿವ್, ಸುಟ್ಟ ಮೆಣಸಿನಕಾಯಿ, ದೊಡ್ಡ ಪಾರ್ಮೆಸಾನ್ ಗಿಣ್ಣು. ಗಿಣ್ಣಿಗೆ ಮೊಂಡು ಚಾಕು ಚುಚ್ಚಿ ಕಲ್ಲು ಎಬ್ಬಿಸಿದ ಹಾಗೆ ತುಂಡು ಎಬ್ಬಿಸುತ್ತಿದ್ದ. ನಮ್ಮವರ ತಟ್ಟೆಯ ಮೇಲೆ ಕೈ ಹೋದಾಗ ತಡೆದು ನಿಂತ. ಮಗಳು ಮೊದಲೇ ನಾವು ಸಸ್ಯಾಹಾರಿಗಳು ಅಂತ ಬರೆಸಿದ್ದಳಲ್ಲ, ಈ ಗಿಣ್ಣು ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಆಗಬಹುದೇ ಅಂತ ಕೇಳಿದ. ಇವರು ತಟ್ಟೆಯನ್ನೇ ಹಿಂದಕ್ಕೆ ಎಳೆದುಕೊಂಡರು. ಅಮೆರಿಕದಲ್ಲಿ ಅಷ್ಟು ದಿನ ಪಿಜ್ಜಾ ಮೇಲೆ ಉದುರಿಸಿಕೊಂಡು ತಿಂದದ್ದು ಏನು ಅಂತ ನಾನು ಕೇಳಬೇಕೆಂದಿದ್ದೆ, ಮುಖ ನೋಡಿ ಸುಮ್ಮನಾದೆ.

ಆಮೇಲೆ ಮೌನ. ನಿಜಕ್ಕೂ ಮಾತಾಡಲು ವಿಷಯವೇ ಇರಲಿಲ್ಲ. ನಮ್ಮ ಮಾತೆಲ್ಲ ಇನ್ನೊಬ್ಬರ ವಿಷಯ: ಮಗಳದು, ಮೊಮ್ಮಕ್ಕಳದು, ಬಾಡಿಗೆಯವರದು. ಆ ಮೇಜಿನ ಮೇಲೆ ಅವು ಯಾವುವೂ ಸಲ್ಲುವಂತಿರಲಿಲ್ಲ. ಇವರು ಬ್ರೆಡ್ಡನ್ನು ಸಮನಾಗಿ ನಾಲ್ಕು ತುಂಡು ಮಾಡಿ ತಟ್ಟೆಯಂಚಿಗೆ ಸಾಲಾಗಿ ಇಟ್ಟರು. ಇಷ್ಟು ವರ್ಷ ಬಡಿಸಿದವಳು ನಾನು, ಇವರು ರೊಟ್ಟಿಯನ್ನೂ ಹೀಗೇ ಜೋಡಿಸಿಕೊಂಡು ತಿನ್ನುತ್ತಾರಾ ಅನ್ನುವುದು ನನಗೆ ಗೊತ್ತಿರಲಿಲ್ಲ. ಬಡಿಸುವವರಿಗೆ ಕಾಣುವುದು ತಟ್ಟೆಯಲ್ಲಿ ಖಾಲಿಯಾದ ಜಾಗ ಮಾತ್ರ.

ಕೊನೆಗೆ ಇವರೇ ಬಾಯಿ ಬಿಟ್ಟರು. ಹಿಂದಿನ ದಿನ ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲಿನಲ್ಲಿ ಹೋಗಿದ್ದೆವು. ಚಿನ್ನದ ಆಸೆಗೆ ಜನ ಕ್ಲಾಂಡೈಕ್ ಕಡೆಗೆ ನುಗ್ಗಿದಾಗ, 1898ರಲ್ಲಿ ಹಾಕಲು ಶುರುಮಾಡಿ 1900ರಲ್ಲಿ ಮುಗಿಸಿದ ಹಳಿ.

“ಮೂರಡಿ ಗೇಜು. ನಮ್ಮ ಮೀಟರ್ ಗೇಜಿಗಿಂತ ಮೂರಂಗುಲ ಕಮ್ಮಿ. ಇಪ್ಪತ್ತು ಮೈಲಿಯಲ್ಲಿ ಹತ್ತಿರ ಹತ್ತಿರ 3,000 ಅಡಿ ಹತ್ತುತ್ತೆ, ಗೊತ್ತಾ?”

“ನೆನ್ನೆ ರೈಲಲ್ಲೇ ಮೂರು ಸಲ ಹೇಳಿದ್ರಿ.”

“ರೈಲು ಬರೋಕೆ ಮುಂಚೆ ನಡ್ಕೊಂಡು ಹತ್ತೋರು. ಗಡಿಯಲ್ಲಿ ಕೆನಡಾ ಪೊಲೀಸರು, ಒಂದು ವರ್ಷಕ್ಕಾಗೋ ದಿನಸಿ ಇಲ್ದಿದ್ರೆ ಒಳಗೇ ಬಿಡ್ತಿರಲಿಲ್ಲ. ಸಾಮಾನು ಸರಂಜಾಮು ಸೇರಿ ಒಂದು ಟನ್ನು. ಹೊತ್ತು ಹೊತ್ತು, ಇಳಿದು ಬಂದು, ಮತ್ತೆ ಹೊತ್ತು…”

“ವರ್ಷದ ದಿನಸಿ ಅಂದ್ರೆ ಎಷ್ಟು ಅಂತ ನನ್ನ ಕೇಳಿ. ನಿಮ್ಮ ಮನೇಲಿ ಹದಿನಾಲ್ಕು ಜನಕ್ಕೆ ಅಳೆದು ಹಾಕಿದ್ದೀನಿ.”

ಇವರು ನಕ್ಕರು. ಎಷ್ಟಾಗ್ತಿತ್ತು ಅಂತ ಕೇಳಿದರು. ನಾನು ಹೇಳಿದೆ. ರಾಗಿ ಇಷ್ಟು ಪಲ್ಲ, ಅವರೆಕಾಳು ಇಷ್ಟು, ಹುಣಸೆಹಣ್ಣಿನ ಮಡಕೆ ಎಷ್ಟು, ಅತ್ತೆ ಬೀಗದ ಕೈ ಯಾರಿಗೆ ಕೊಡುತ್ತಿದ್ದರು, ಯಾರಿಗೆ ಕೊಡುತ್ತಿರಲಿಲ್ಲ. ಇವರು ತಮ್ಮದೇ ಮನೆಯ ಉಗ್ರಾಣದ ವಿಷಯವನ್ನು ಪರದೇಶದ ಸುದ್ದಿಯಂತೆ ಕೇಳಿದರು. ಅಷ್ಟರಲ್ಲಿ ಬೆಣ್ಣೆ, ಸೊಪ್ಪಿನ ಜತೆ ನ್ಯೋಕಿ ಬಂತು, ಆಲೂಗಡ್ಡೆ ಹಿಟ್ಟಿನ ಸಣ್ಣ ಉಂಡೆಗಳು. ಹೊಗೆಯಾಡುತ್ತಿತ್ತು. ಮೊದಲ ಚಮಚಕ್ಕೇ ನಾಲಗೆ ಸುಟ್ಟುಕೊಂಡೆ. ಬಿಸಿಯಿರುವಾಗ ತಿನ್ನುವ ಅಂದಾಜೇ ನನಗೆ ತಪ್ಪಿಹೋಗಿತ್ತು.

ಇನ್ನು ಸೂಫ್ಲೆ. ಆ ಹೋಟೆಲಿಗೆ ಹೆಸರು ಬಂದಿರುವುದೇ ಆ ಚಾಕೊಲೇಟ್ ಸೂಫ್ಲೆಯಿಂದ. ಊಟದ ಮೊದಲೇ ಹೇಳಿಡಬೇಕು, ಯಾಕೆಂದರೆ ಕೇಳಿದ ಮೇಲೆಯೇ ಒಲೆಗಿಡುವುದು. ಮೊಟ್ಟೆಯ ಬಿಳಿಯನ್ನು ನೊರೆಯಾಗುವ ತನಕ ಕಡೆದು, ಚಾಕೊಲೇಟಿನಲ್ಲಿ ಬೆರೆಸಿ ಬೇಯಿಸುತ್ತಾರೆ. ಕಾವಿಗೆ ಒಳಗಿನ ಗಾಳಿ ಹಿಗ್ಗಿ ಅದು ಬಟ್ಟಲಿನಿಂದ ಮೇಲೇಳುತ್ತದೆ. ಹೊರಗೆ ಬಂದ ಮೇಲೆ ಕೆಲವೇ ನಿಮಿಷ, ಕಾವು ಇಳಿದ ಹಾಗೆ ಅದೂ ಇಳಿಯುತ್ತದೆ. ಮೊಟ್ಟೆ ಅಂದದ್ದಕ್ಕೆ ಇವರು ಮುಖ ಹುಳ್ಳಗೆ ಮಾಡಿದರು. “ಮೊಮ್ಮಗಳ ಬರ್ತ್‌ಡೇ ಕೇಕಲ್ಲಿ ಏನಿತ್ತು?” ಅಂದೆ. ಇವರು ಕಿಟಕಿ ಕಡೆ ನೋಡಿ, “ಹೇಳು, ಇಬ್ಬರಿಗೂ ಹೇಳು” ಅಂದರು.

ಸೂಫ್ಲೆ ತಂದಿಟ್ಟ ಕ್ಷಣಕ್ಕೇ ಹಿಂದಿನ ಮೇಜಿನ ಹೆಂಗಸು ಏನೋ ಕೂಗಿದಳು. ನೀರಿನಿಂದ ಬಿಳಿ ಉಸಿರು ಎದ್ದಿತ್ತು, ಒಂದಲ್ಲ, ಮೂರು ನಾಲ್ಕು. ಹಂಪ್‌ಬ್ಯಾಕ್ ತಿಮಿಂಗಿಲಗಳು. ಚಳಿಗಾಲದಲ್ಲಿ ಇವು ಹವಾಯಿಯ ಬೆಚ್ಚಗಿನ ನೀರಿಗೆ ಹೋಗಿ ಮರಿ ಹಾಕುತ್ತವೆ, ಅಲ್ಲಿ ಹೆಚ್ಚುಕಡಿಮೆ ಉಪವಾಸ, ಬೇಸಿಗೆಗೆ ಇಲ್ಲಿಗೆ ಬಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ ಅಂತ ಹಡಗಿನ ಭಾಷಣದಲ್ಲಿ ಕೇಳಿದ್ದೆ. ಇಡೀ ಹೋಟೆಲ್ ಎದ್ದು ನಿಂತಿತು. ಕೋಟು ತೊಟ್ಟವರು, ಮುತ್ತು ಹಾಕಿದವರು, ಎಲ್ಲರೂ ನ್ಯಾಪ್‌ಕಿನ್ ಕೈಯಲ್ಲೇ ಹಿಡಿದು ಆ ಕಡೆಯ ಕಿಟಕಿಗೆ ಓಡಿದರು. ಎಲ್ಲರಿಗಿಂತ ಮೊದಲು ಎದ್ದವರು ನಮ್ಮವರು. ಬಾಣಾವರದ ಕಿಟಕಿಗೆ ಹೋಗುತ್ತಿದ್ದ ಅದೇ ನಡಿಗೆ.

“ಬಾರೇ, ಬೇಗ ಬಾ!”

ನಾನು ಕುರ್ಚಿಯ ಕೈ ಹಿಡಿದೆ. ಮೇಜಿನ ಮೇಲೆ ಸೂಫ್ಲೆ ಬಟ್ಟಲಿನ ಅಂಚಿನಿಂದ ಮೂರು ಬೆರಳು ಮೇಲೆದ್ದು ನಿಂತಿತ್ತು, ನೆತ್ತಿಯಲ್ಲಿ ಸಣ್ಣ ಬಿರುಕು, ಬಿರುಕಿನಿಂದ ಆವಿ. ಇಟಲಿಯವನು ಎರಡು ಸಣ್ಣ ಹೂಜಿ ಹಿಡಿದು ನಿಂತಿದ್ದ. ಅವನ ಕಣ್ಣು ಒಮ್ಮೆ ಕಿಟಕಿಗೆ, ಒಮ್ಮೆ ಬಟ್ಟಲಿಗೆ. ತಿಮಿಂಗಿಲ ನೋಡಬೇಡಿ ಅಂತ ಅವನು ಹೇಗೆ ಹೇಳಿಯಾನು?

“ನೀವು ನೋಡಿ ಬನ್ನಿ” ಅಂದೆ ಇವರಿಗೆ. ಕೈ ಬಿಟ್ಟು ಹಿಂದಕ್ಕೆ ಒರಗಿ ಕೂತೆ.

ಅವನು ಚಮಚದಿಂದ ಸೂಫ್ಲೆಯ ನಡುವೆ ಗುಂಡಿ ಮಾಡಿದ. ಒಂದು ಹೂಜಿಯಿಂದ ವೆನಿಲಾ, ಇನ್ನೊಂದರಿಂದ ಚಾಕೊಲೇಟ್, ಗುಂಡಿ ತುಂಬಿ ಅಂಚಿಗೆ ಹರಿಯುವವರೆಗೆ ಸುರಿದ. ಮೇಲಿನ ಪದರ ಗರಿ, ಒಳಗೆ ನಾಲಗೆಗೆ ಸಿಗುವ ಮೊದಲೇ ಕರಗುವಂಥ ಹಗುರ. ನನ್ನ ಬೆನ್ನ ಹಿಂದೆ ಓಹ್, ಆಹ್ ಅಂತ ಕೂಗು. ಯಾರೋ ಚಪ್ಪಾಳೆ ತಟ್ಟಿದರು. ನಾನು ತಿರುಗಲಿಲ್ಲ. ತಳದವರೆಗೂ ತಿಂದೆ, ಬಟ್ಟಲಿನ ಗೋಡೆಗೆ ಹತ್ತಿದ್ದನ್ನೂ ಕೆರೆದುಕೊಂಡು ತಿಂದೆ.

ಇವರು ಬಂದಾಗ ಇವರ ಸೂಫ್ಲೆ ಕುಸಿದು ಬಟ್ಟಲಿನೊಳಗೆ ಕೂತಿತ್ತು. ಇವರಿಗೆ ಅದರ ಪರಿವೆಯಿರಲಿಲ್ಲ.

“ಏಳೆಂಟು ಇದ್ವು ಕಣೇ! ಮೊದಲು ನೀರಲ್ಲಿ ಗುಂಡಗೆ ಗುಳ್ಳೆ ಎದ್ವು. ಆಮೇಲೆ ಆ ಗುಂಡಿನೊಳಗಿಂದ ಎಲ್ಲವೂ ಬಾಯಿ ತೆರ್ಕೊಂಡು ಒಟ್ಟಿಗೆ ಮೇಲೆ ಬಂದ್ವು, ಒಂದೇ ಸಲ. ಮೀನಿನ ಹಿಂಡನ್ನ ಗುಳ್ಳೆಯಲ್ಲೇ ಬಲೆ ಹಾಕಿ ಕೂಡಿ ತಿಂತಾವಂತೆ.”

“ಎಲ್ಲವೂ ಒಟ್ಟಿಗೇನಾ? ಬಡಿಸೋಕೆ ಅಂತ ಒಂದೂ ಉಳೀಲಿಲ್ವಾ?”

ಇವರು ಕೂತು, ನ್ಯಾಪ್‌ಕಿನ್ ತೊಡೆಗೆ ಹಾಸಿಕೊಂಡು, ನನ್ನ ಖಾಲಿ ಬಟ್ಟಲನ್ನೂ ತಮ್ಮ ತುಂಬಿದ ಬಟ್ಟಲನ್ನೂ ನೋಡಿದರು. ಬಿಸಿಯದೊಂದು ಮಾಡಿಸಿ ತರಲೇ ಅಂತ ಇಟಲಿಯವನು ಕೇಳಿದ. ಇವರು ವಾಚು ನೋಡಿ ಒಂದು ಗಂಟೆ ಕಳೆದು, “ಟೈಮ್ ಇದೆ, ತರಲಿ” ಅಂದರು. ಬಂದದ್ದರಲ್ಲಿ ಅರ್ಧ ನಾನು ತಿಂದೆ.

ಮರುದಿನ ಬೆಳಿಗ್ಗೆ ಮಗಳು ಚಿಕ್ಕವನಿಗೆ ಶೂ ಹಾಕುತ್ತಾ ಕೇಳಿದಳು: “ಅಮ್ಮ, ರಾತ್ರಿ ತಿಮಿಂಗಿಲ ಬಂದಿದ್ವಂತೆ? ನೋಡಿದ್ಯಾ?”

“ನಿಮ್ಮಪ್ಪ ನೋಡಿದ್ರು. ನಾನು ಊಟ ಮಾಡ್ತಾ ಇದ್ದೆ” ಅಂದೆ.