ಸೌದೆ ಒಡೆಯುವ ದಿನ ಮಕ್ಕಳೆಲ್ಲಿರುತ್ತಾರೆ?

ಮನೆಗೆ ಗ್ಯಾಸ್ ಬಂತು, ಇನ್ನು ಕೊಡಲಿಯ ಮಾತೇಕೆ ಎಂದು ಕೇಳಬೇಡಿ ಸಹೋದರಿಯರೇ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅನೇಕರ ಅಡುಗೆ ಒಲೆ ಬದಲಾಯಿತು, ನಿಜ. ಆದರೆ ಸ್ನಾನದ ಹಂಡೆಗೆ, ಮದುವೆಯ ಬಿರಿಯಾನಿ ದೇಗಿಗೆ ನಮ್ಮ ಕಡೆ ಇಂದಿಗೂ ಸೌದೆ ಬೇಕು. ರಾಮನಗರದ ನೂಲು ಬಿಚ್ಚಾಣಿಕೆಯವರ ಮನೆಗಳಲ್ಲಂತೂ ರೇಷ್ಮೆಗೂಡು ಬೇಯಿಸುವ ಒಲೆಯೂ ಮಕ್ಕಳು ಆಡುವ ಅಂಗಳವೂ ಅಕ್ಕಪಕ್ಕ.

ನಮ್ಮ ಓಣಿಯ ಏಳು ವರ್ಷದ ಹುಡುಗನ ಕಣ್ಣಿಗೆ ಹುಣಸೆ ಸೌದೆಯ ಚಕ್ಕೆ ಹಾರಿತು. ಅವನು ಉಜ್ಜಿಕೊಂಡ. ಮನೆಯವರು ಕಣ್ಣಿಗೆ ತುಪ್ಪ ಬಿಟ್ಟು, ಬೆಳಗಾಗಲಿ ಎಂದು ಕಾದರು. ಈಗ ಆ ಕಣ್ಣಿಗೆ ಎಲ್ಲವೂ ಮಂಜು. ಅವನ ತಾಯಿಯನ್ನು ಕಂಡಾಗೆಲ್ಲ ನನಗೆ ಮಾತೇ ಹೊರಡುವುದಿಲ್ಲ.

ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆಮರ ಮೃದು, ನಯ. ಹುಣಸೆ ಹಾಗಲ್ಲ. ಅದರ ನಾರು ತಿರುಚಿಕೊಂಡಿರುತ್ತದೆ, ಗಂಟಿಗೆ ಏಟು ಬಿದ್ದರೆ ತುಂಡು ಯಾವ ಕಡೆ ಸಿಡಿಯುತ್ತದೋ ಒಡೆಯುವವನಿಗೂ ತಿಳಿಯದು. ಕಾವು ಸಡಿಲವಿದ್ದರೆ ಕೊಡಲಿಯೇ ಕಳಚಿ ಹಾರುತ್ತದೆ, ಮುಂದಕ್ಕೂ ಹಾರಬಹುದು, ಹಿಂದಕ್ಕೂ ಹಾರಬಹುದು. ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ಟರೆ ಬಿಗಿಯಾಗುತ್ತದೆ ಎನ್ನುವವರಿದ್ದಾರೆ. ಒಣಗಿದೊಡನೆ ಮತ್ತೆ ಸಡಿಲ! ಬೆಣೆ ಹೊಡೆಸಿ, ಇಲ್ಲವೇ ಹೊಸ ಕಾವು ಹಾಕಿಸಿ.

"ದೂರ ನಿಲ್ಲು" ಎಂದು ಕೂಗಿದರೆ ಮಗು ಎರಡು ಹೆಜ್ಜೆ ಸರಿದು ಮತ್ತೆ ಬಂದು ನಿಲ್ಲುತ್ತದೆ. ಒಡೆಯುವಷ್ಟು ಹೊತ್ತು ಒಳಗಿರಿಸಿ, ಚಿಲಕ ಹಾಕಿ, ಅಜ್ಜಿಯೋ ಅಕ್ಕನೋ ಜೊತೆಗಿರಲಿ. ಚೂರು ಆಯಲು ಚಿಕ್ಕವರನ್ನು ಕಳಿಸುವ ವಾಡಿಕೆಯಂತೂ ನನಗೆ ಸ್ವಲ್ಪವೂ ಹಿಡಿಸದು. ಕೊಡಲಿ ಕೆಳಗಿಟ್ಟ ಮೇಲೆ ದೊಡ್ಡವರೇ ಆಯಲಿ. ಕೂಲಿಗೆ ಬಂದವರಿಗೂ ಮೊದಲೇ ಹೇಳಿಡಿ: ಮಗು ಕಂಡರೆ ಕೈ ನಿಲ್ಲಬೇಕು. "ನಮ್ಮ ಮನೆಯ ಕೆಲಸ ತಾನೇ" ಎನ್ನುವವರೂ ಉಂಟು. ಹದಿನಾಲ್ಕು ತುಂಬದ ಮಕ್ಕಳು ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಲು 2016ರ ತಿದ್ದುಪಡಿ ಬಿಡುತ್ತದೆಯಾದರೂ ಅಪಾಯದ ಕೆಲಸಕ್ಕೆ ಬಿಡುವುದಿಲ್ಲ.

ಕಣ್ಣಿಗೆ ಚಕ್ಕೆ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಉಜ್ಜಲು ಬಿಡಬೇಡಿ, ಏನನ್ನೂ ಹಾಕಬೇಡಿ. ಒತ್ತಡ ಬೀಳದಂತೆ ಕಾಗದದ ಲೋಟ ಮುಚ್ಚಿ ಆಗಲೇ ಕಣ್ಣಿನ ವೈದ್ಯರ ಬಳಿಗೆ ಹೊರಡಿ. ಕೈಕಾಲಿಗೆ ಏಟಾದರೆ ಕಾಫಿಪುಡಿ, ಅರಿಶಿನ ಮೆತ್ತುವುದು ಬೇಡ. ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಿರಿ. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಗಬಾರದು. ಟಿಟಿ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.

ಇನ್ನು ಒಟ್ಟಿದ ಸೌದೆಯ ರಾಶಿ. ಕನಕಪುರ, ಮಾಗಡಿಯ ಬಂಡೆಗಳ ಸೀಮೆಯಲ್ಲಿ ಚೇಳಿಗೆ, ಹಾವಿಗೆ ಅದಕ್ಕಿಂತ ತಂಪು ಜಾಗವಿಲ್ಲ. ಗೋಡೆಯಿಂದ ಬಿಡಿಸಿ, ಕಲ್ಲಿನ ಮೇಲೆ ಎತ್ತರಿಸಿ ಒಟ್ಟಿ. ಕತ್ತಲಾದ ಮೇಲೆ ಎರಡು ಸೌದೆ ತಾ ಎಂದು ಮಕ್ಕಳನ್ನು ಅಟ್ಟಬೇಡಿ. ರಾತ್ರಿಗೆ ಬೇಕಾದಷ್ಟನ್ನು ಹಗಲಲ್ಲೇ ಒಲೆಯ ಬಳಿ ತಂದಿಟ್ಟುಕೊಳ್ಳಿ.