ಜಾರುವ ವಾದ್ಯ, ಜಾರದ ಸ್ವರ

(1/7)
ಮೊದಲೇ ಹೇಳ್ಬಿಡ್ತೀನಿ, ಈ ಸಲದ ಸರಣಿ ಸ್ವಲ್ಪ ಉದ್ದ. ಬಸ್ಸಲ್ಲಿ ಕೂತಿದ್ರೆ ಈಗಲೇ ಓದಿ, ಕ್ಲಾಸಲ್ಲಿ ಕೂತಿದ್ರೆ ಸೇವ್ ಮಾಡಿ ಇಟ್ಕೊಳ್ಳಿ.

ಫೋಟೋದಲ್ಲಿ ಇರೋದು ನನ್ನ ವಯೊಲಿನ್ ಪೆಟ್ಟಿಗೆ. ಆದ್ರೆ ನಾನು ಬರೀತಿರೋದು ಟ್ರಾಂಬೋನ್ ಬಗ್ಗೆ. ಕೊನೇ ಭಾಗದವರೆಗೆ ಬಂದ್ರೆ ಎರಡಕ್ಕೂ ಏನು ಸಂಬಂಧ ಅಂತ ಗೊತ್ತಾಗುತ್ತೆ.

ಟ್ರಾಂಬೋನ್ ನೀವು ನೋಡಿರ್ತೀರಿ, ಹೆಸರು ಗೊತ್ತಿಲ್ಲದೆ ಇರಬಹುದು. ಪೊಲೀಸ್ ಬ್ಯಾಂಡ್‌ನಲ್ಲಿ ಒಬ್ಬರು ಉದ್ದನೆಯ ಹಿತ್ತಾಳೆ ಕೊಳವೆಯನ್ನ ಮುಂದಕ್ಕೂ ಹಿಂದಕ್ಕೂ ತಳ್ಳುತ್ತಾ ಊದ್ತಾರಲ್ಲ, ಅದೇ. ಕಾರ್ಟೂನ್‌ನಲ್ಲಿ ಯಾರಾದ್ರೂ ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿಬಿದ್ದಾಗ "ವ್ವಾಂ ವ್ವಾಂ ವ್ವಾಂ" ಅಂತ ಬರುತ್ತಲ್ಲ, ಅದೂ ಇದೇ. ಪಾಪ, ಎಷ್ಟೋ ಜನಕ್ಕೆ ಟ್ರಾಂಬೋನ್ ಅಂದ್ರೆ ಅಷ್ಟೇ: ನಗಿಸೋ ವಾದ್ಯ.

ನನಗೂ ಅಷ್ಟೇ ಆಗಿತ್ತು. ಕಾಸ್ಟ್ ಅಕೌಂಟಿಂಗ್ ಪರೀಕ್ಷೆಯ ಹಿಂದಿನ ರಾತ್ರಿ, ನಿದ್ದೆ ಬರಬಾರದು ಅಂತ ಏನೋ ಜಾಝ್ ಹಾಕ್ಕೊಂಡು ಕೂತಿದ್ದೆ. ಒಂದು ಹಾಡಲ್ಲಿ ಯಾರೋ ಅಷ್ಟು ವೇಗವಾಗಿ, ಅಷ್ಟು ಸ್ವಚ್ಛವಾಗಿ ನುಡಿಸ್ತಾ ಇದ್ರು. ಟ್ರಂಪೆಟ್ ಇರಬೇಕು, ಸ್ವಲ್ಪ ಕೆಳಗಿನ ಶ್ರುತಿ ಅಷ್ಟೇ ಅಂದ್ಕೊಂಡೆ. ಹೆಸರು ನೋಡಿದ್ರೆ: ಜೆ.ಜೆ. ಜಾನ್ಸನ್, ಟ್ರಾಂಬೋನ್.

ಪುಸ್ತಕ ಮುಚ್ಚಿಟ್ಟೆ. (ಮಾರ್ಕ್ಸ್ ಎಷ್ಟು ಬಂತು ಅಂತ ಕಾಮೆಂಟ್‌ನಲ್ಲಿ ಕೇಳಬೇಡಿ.)

(2/7)
ಇದರಲ್ಲಿ ಅಂಥಾದ್ದೇನಿದೆ ಅಂತ ಗೊತ್ತಾಗೋಕೆ ಈ ವಾದ್ಯ ಎಷ್ಟು ತರಲೆ ಅಂತ ಮೊದಲು ಗೊತ್ತಾಗಬೇಕು.

ಟ್ರಂಪೆಟ್‌ಗೆ ಮೂರು ಗುಂಡಿ ಇದೆ. ಒತ್ತಿದ ತಕ್ಷಣ ಗಾಳಿಯ ದಾರಿ ಬದಲಾಗುತ್ತೆ, ಸ್ವರ ಬದಲಾಗುತ್ತೆ. ಬೆರಳು ಒಂದು ಸೆಂಟಿಮೀಟರ್ ಸುಮಾರು ಓಡಾಡಿದ್ರೆ ಸಾಕು. ಟ್ರಾಂಬೋನ್‌ಗೆ ಗುಂಡಿ ಇಲ್ಲ, ಜಾರುವ ಕೊಳವೆ ಇದೆ. ಅದರಲ್ಲಿ ಏಳು ಸ್ಥಾನ. ಕೊಳವೆ ಪೂರ್ತಿ ಒಳಗಿದ್ರೆ ಮೊದಲನೇ ಸ್ಥಾನ. ಒಂದೊಂದು ಸ್ಥಾನ ಮುಂದೆ ಹೋದ ಹಾಗೆ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತೆ. ಮೊದಲಿಂದ ಎರಡನೇ ಸ್ಥಾನಕ್ಕೆ ಸುಮಾರು 8 ಸೆಂಟಿಮೀಟರ್. ಮುಂದೆ ಹೋದಷ್ಟೂ ಈ ಅಂತರ ಹೆಚ್ಚಾಗ್ತಾ ಹೋಗುತ್ತೆ. ಮೊದಲಿಂದ ಏಳನೆಯದಕ್ಕೆ ಅರ್ಧ ಮೀಟರ್‌ಗಿಂತ ಹೆಚ್ಚು. ಕೈ ಪೂರ್ತಿ ಚಾಚಬೇಕು.

ಕೊಳವೆ ಮೇಲೆ ಎಲ್ಲೂ ಗೆರೆ ಹಾಕಿರಲ್ಲ. ವೀಣೆಗೆ ಮೆಟ್ಟಿಲಿದೆ, ಹಾರ್ಮೋನಿಯಂಗೆ ಮನೆಗಳಿವೆ. ಇದಕ್ಕೆ ವಯೊಲಿನ್ ತರಹ ಏನೂ ಇಲ್ಲ. ಕಿವಿಯೇ ಗೆರೆ.

ಇನ್ನೂ ಒಂದು ಕಷ್ಟ ಇದೆ. ಊದ್ತಾ ಊದ್ತಾ ಕೊಳವೆ ಎಳೆದ್ರೆ ಎರಡು ಸ್ವರದ ಮಧ್ಯ ಇರೋದೆಲ್ಲ ಕೇಳಿಸಿಬಿಡುತ್ತೆ. ನಮ್ಮ ಸಂಗೀತದಲ್ಲಿ ಅದಕ್ಕೆ ಜಾರು ಅಂತೀವಿ. ಅದು ಬೇಡ, ಸ್ವರಗಳು ಬಿಡಿಬಿಡಿಯಾಗಿ ಬೇಕು ಅಂದ್ರೆ, ಕೊಳವೆ ಓಡ್ತಿರೋ ಅಷ್ಟೇ ಹೊತ್ತು ನಾಲಿಗೆಯಿಂದ ಗಾಳಿಯನ್ನ ಕತ್ತರಿಸಬೇಕು. ನಾಲಿಗೆ ಒಂಚೂರು ಬೇಗ ಬಂದ್ರೂ ತಪ್ಪು, ತಡ ಆದ್ರೂ ತಪ್ಪು. ಕೈ, ನಾಲಿಗೆ, ತುಟಿ, ಉಸಿರು ನಾಲ್ಕೂ ಒಂದೇ ಕ್ಷಣದಲ್ಲಿ ಸೇರಬೇಕು.

ಈಗ ಲೆಕ್ಕ ಹಾಕಿ, ನಾವು ಕಾಮರ್ಸ್ ಅಲ್ವಾ. ನಿಮಿಷಕ್ಕೆ 240 ಬೀಟ್, ಬೀಟಿಗೆ ಎರಡು ಸ್ವರ. ಸೆಕೆಂಡಿಗೆ 8 ಸ್ವರ ಆಯ್ತು. ಸೆಕೆಂಡಿಗೆ ಎಂಟು ಸಲ ಆ ನಾಲ್ಕೂ ಕೂಡಬೇಕು.

(3/7)
ಜೇಮ್ಸ್ ಲೂಯಿಸ್ ಜಾನ್ಸನ್ ಹುಟ್ಟಿದ್ದು 1924ರ ಜನವರಿ 22ರಂದು, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಮೊದಲು ಕಲಿತದ್ದು ಪಿಯಾನೋ. ಹೈಸ್ಕೂಲ್ ವಯಸ್ಸಲ್ಲಿ ಟ್ರಾಂಬೋನ್ ಹಿಡಿದ್ರು. 1942ರಲ್ಲಿ, ಅಂದ್ರೆ 18ನೇ ವಯಸ್ಸಿಗೆ, ಬೆನ್ನಿ ಕಾರ್ಟರ್ ಅವರ ತಂಡ ಸೇರಿದ್ರು. ಆಮೇಲೆ ಕೌಂಟ್ ಬೇಸಿ ತಂಡ.

ಅಲ್ಲೀತನಕ ಜಾಝ್‌ನಲ್ಲಿ ಟ್ರಾಂಬೋನ್ ಏನು ಮಾಡ್ತಿತ್ತು? ನ್ಯೂ ಆರ್ಲಿಯನ್ಸ್‌ನ ಹಳೇ ತಂಡಗಳು ಗಾಡಿ ಮೇಲೆ ಕೂತು ನುಡಿಸಿಕೊಂಡು ಬೀದಿಲಿ ಹೋಗ್ತಿದ್ವು. ಟ್ರಾಂಬೋನ್‌ನವರಿಗೆ ಕೊಳವೆ ಚಾಚೋಕೆ ಜಾಗ ಬೇಕಲ್ಲ, ಅದಕ್ಕೆ ಗಾಡಿಯ ಹಿಂಬದಿಯ ಹಲಗೆ ಹತ್ರ ಕೂರಿಸ್ತಿದ್ರು. ಆ ಶೈಲಿಗೆ ಟೇಲ್‌ಗೇಟ್ ಅಂತಲೇ ಹೆಸರು ಬಂತು. ಕಿಡ್ ಓರಿ ಅದರ ದೊಡ್ಡ ಹೆಸರು. ಜಾರೋದೇ ಅಲ್ಲಿನ ಮಜಾ. ಆಮೇಲೆ ಜ್ಯಾಕ್ ಟೀಗಾರ್ಡನ್, ಟಾಮಿ ಡಾರ್ಸಿ ಥರದ ದೊಡ್ಡ ವಾದಕರು ಬಂದ್ರು, ಟ್ರಾಂಬೋನ್ ಹಾಡೋದು ಕಲಿತು. ಅದೆಲ್ಲ ಸಣ್ಣ ಕೆಲಸ ಅಂತ ನಾನು ಹೇಳ್ತಿಲ್ಲ.

ಆದ್ರೆ 1940ರ ದಶಕದ ಮಧ್ಯದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಸೇರಿ ಆಟದ ನಿಯಮವನ್ನೇ ಬದಲಾಯಿಸಿಬಿಟ್ರು. ಬೀಬಾಪ್ ಬಂತು. ಓಡೋ ವೇಗ, ಕ್ಷಣಕ್ಷಣಕ್ಕೂ ತಿರುಗೋ ಸ್ವರಸರಣಿ. ಸ್ಯಾಕ್ಸೊಫೋನ್, ಟ್ರಂಪೆಟ್, ಪಿಯಾನೋ ಹೇಗೋ ಹೊಂದಿಕೊಂಡ್ವು, ಅವಕ್ಕೆ ಗುಂಡಿಗಳಿದ್ವು. ಜಾರುವ ಕೊಳವೆಗೆ ಅಲ್ಲಿ ಏನು ಕೆಲಸ?

ಜೆ.ಜೆ. ಆ ಪ್ರಶ್ನೆಗೆ ನುಡಿಸಿಯೇ ಉತ್ತರ ಕೊಟ್ರು. 1947ರ ಡಿಸೆಂಬರ್‌ನಲ್ಲಿ ಚಾರ್ಲಿ ಪಾರ್ಕರ್ ಜೊತೆ ಮಾಡಿದ ರೆಕಾರ್ಡಿಂಗ್‌ನಲ್ಲಿ "ಕ್ರೇಜಿಯಾಲಜಿ" ಅಂತ ಒಂದಿದೆ, ಹುಡುಕಿ ಕೇಳಿ. ಆಗ ಅವರಿಗೆ 23. ಪಕ್ಕದಲ್ಲಿ ಮೈಲ್ಸ್ ಡೇವಿಸ್, ಹಿಂದೆ ಡ್ರಮ್ಸ್‌ನಲ್ಲಿ ಮ್ಯಾಕ್ಸ್ ರೋಚ್. ಆ ಗುಂಪಲ್ಲಿ ಟ್ರಾಂಬೋನ್ ಹಿಂದೆ ಬೀಳಲ್ಲ. ಇವರು ಗುಂಡಿ ಇರೋ ಬೇರೆ ಜಾತಿಯ ಟ್ರಾಂಬೋನ್ ನುಡಿಸ್ತಿದಾರೆ ಅಂತ ಆ ಕಾಲದ ಕೇಳುಗರು ನಂಬಿದ್ರಂತೆ. ನಾನು ಟ್ರಂಪೆಟ್ ಅಂದ್ಕೊಂಡಿದ್ದು ಅಂಥ ದೊಡ್ಡ ತಪ್ಪೇನಲ್ಲ ಬಿಡಿ.

(4/7)
ಹೇಗೆ ಮಾಡಿದ್ರು? ನನಗೆ ಅರ್ಥ ಆದಷ್ಟು ಹೇಳ್ತೀನಿ.

ಒಂದು, ದಾರಿ ಉಳಿಸೋದು. ಟ್ರಾಂಬೋನ್‌ನಲ್ಲಿ ಒಂದೇ ಸ್ವರ ಒಂದಕ್ಕಿಂತ ಹೆಚ್ಚು ಸ್ಥಾನದಲ್ಲಿ ಸಿಗುತ್ತೆ. ತುಟಿಯ ಬಿಗಿ ಬದಲಾದ್ರೆ ಅದೇ ಉದ್ದದ ಕೊಳವೆ ಬೇರೆ ಸ್ವರ ಕೊಡುತ್ತಲ್ಲ, ಅದಕ್ಕೆ. ಉದಾಹರಣೆಗೆ ಪಿಯಾನೋದ ನಡುವಿನ "ಸಿ" ಪಕ್ಕದ "ಡಿ" ಸ್ವರ ಮೊದಲನೇ ಸ್ಥಾನದಲ್ಲೂ ಇದೆ, ನಾಲ್ಕರಲ್ಲೂ ಇದೆ. ಕೈ ಈಗಾಗ್ಲೇ ನಾಲ್ಕರ ಹತ್ರ ಇದ್ರೆ ಮನೆವರೆಗೆ ವಾಪಸ್ ಯಾಕೆ ಓಡಬೇಕು? ಅಲ್ಲೇ ತಗೊಂಡ್ರಾಯ್ತು. ನಾವು ಮೆಜೆಸ್ಟಿಕ್‌ಗೆ ಹೋಗಿ ಬಸ್ ಬದಲಾಯಿಸೋ ಬದಲು ಮಧ್ಯದ ಸ್ಟಾಪಲ್ಲೇ ಇಳಿದು ಹತ್ತಲ್ವಾ, ಹಾಗೆ. ಆದ್ರೆ ಸೆಕೆಂಡಿಗೆ ಎಂಟು ಸಲ ಆ ನಿರ್ಧಾರ ಮಾಡಬೇಕು, ಅದೂ ಆ ಕ್ಷಣದಲ್ಲಿ ಹುಟ್ಟುತ್ತಿರೋ ರಾಗಕ್ಕೆ.

ಎರಡು, ನಾಲಿಗೆ. ಅವರ ಒಂದೊಂದು ಸ್ವರಕ್ಕೂ ಅಂಚಿದೆ. ಅಕ್ಕಿಕಾಳು ತಟ್ಟೆಗೆ ಬಿದ್ದ ಹಾಗೆ, ಬಿಡಿಬಿಡಿ.

ಮೂರು, ಬೇಡದ್ದನ್ನ ಬಿಡೋದು. ನನಗೆ ಅತೀ ಇಷ್ಟ ಆಗಿದ್ದು ಇದೇ. ಕಂಪನ ತೀರಾ ಕಡಿಮೆ. ಅಳಿಸೋ ನಡುಕ ಇಲ್ಲ, ನಗಿಸೋ ಜಾರು ಇಲ್ಲ, ಕೂಗಾಟ ಇಲ್ಲ. ದನಿ ಒಣಗಿದ ಹಾಗೆ, ಸಮ. ಮೊದಲ ಸಲ ಕೇಳಿದ್ರೆ "ಏನಪ್ಪಾ ಇಷ್ಟು ಗಂಭೀರ" ಅನ್ಸುತ್ತೆ.

ನಾಲ್ಕನೇ ಸಲ ಕೇಳಿದಾಗ ಗೊತ್ತಾಗೋದು, ಅವರು ಒಂದು ಚಿಕ್ಕ ತುಣುಕನ್ನ ಹಿಡಿದು ಅದನ್ನೇ ತಿರುಗಿಸಿ, ಒಂದು ಸ್ವರ ಬದಲಿಸಿ, ಸ್ವಲ್ಪ ಮೇಲೆ ಇಟ್ಟು, ಮತ್ತೆ ಕೆಳಗೆ ತಂದು ಮಾತು ಕಟ್ತಿದಾರೆ ಅಂತ. ಒಂದು ವಾಕ್ಯದ ಕೊನೆ ಪದದಿಂದ ಮುಂದಿನ ವಾಕ್ಯ ಶುರು. ವೇಗ ತೋರಿಸೋಕೆ ಅಂತ ನುಡಿಸಿದ ಸಾಲು ಸಿಗೋದೇ ಕಷ್ಟ. ಹೇಳೋಕೆ ಬೇಕಾದಷ್ಟೇ ವೇಗ.

(5/7)
ಈಗ ನಾನು ಈ ಸರಣಿ ಬರೆಯೋಕೆ ನಿಜವಾದ ಕಾರಣ.

1952ರಲ್ಲಿ ಜೆ.ಜೆ. ಸಂಗೀತದ ಪೂರ್ಣಾವಧಿ ಕೆಲಸ ಬಿಟ್ರು. ಮನೆ ನಡೀಬೇಕು, ಸಂಗೀತದ ಆದಾಯಕ್ಕೆ ಗ್ಯಾರಂಟಿ ಇಲ್ಲ. ಸ್ಪೆರಿ ಅನ್ನೋ ಕಂಪನಿಯ ಕಾರ್ಖಾನೆಯಲ್ಲಿ ಬ್ಲೂಪ್ರಿಂಟ್ ಪರಿಶೀಲಿಸೋ ನೌಕರಿಗೆ ಸೇರಿದ್ರು. ಯಂತ್ರಭಾಗಗಳ ನಕ್ಷೆ ನೋಡೋದು, ತಪ್ಪಿದ್ಯಾ ಅಂತ ಹುಡುಕೋದು. 1954ರವರೆಗೂ ಅದೇ ಕೆಲಸ.

ಯೋಚಿಸಿ ನೋಡಿ. ಆ ವಾದ್ಯದಲ್ಲಿ ಆಗ ಅವರಿಗೆ ಸಮ ಯಾರೂ ಇಲ್ಲ. ಅವರು ಬೆಳಿಗ್ಗೆ ಎದ್ದು ಕಾರ್ಖಾನೆಗೆ ಹೋಗ್ತಿದ್ರು.

ಆದ್ರೆ ಅದೇ ಅವಧಿಯಲ್ಲಿ, 1953ರ ಜೂನ್‌ನಲ್ಲಿ, ಬ್ಲೂ ನೋಟ್ ಕಂಪನಿಗೆ ಒಂದು ರೆಕಾರ್ಡಿಂಗ್ ಮಾಡಿದ್ರು. ಜೊತೆಗೆ ಟ್ರಂಪೆಟ್‌ನಲ್ಲಿ ಕ್ಲಿಫರ್ಡ್ ಬ್ರೌನ್, ಇನ್ನೂ 22ರ ಹುಡುಗ. ಅದರಲ್ಲಿ "ಗೆಟ್ ಹ್ಯಾಪಿ" ಮತ್ತು ಜೆ.ಜೆ. ಅವರದೇ "ಟರ್ನ್‌ಪೈಕ್" ಕೇಳಿ. ಇದು ನೌಕರಿಯಲ್ಲಿದ್ದವರ ಕೈ ಅಂತ ಹೇಳೋಕೆ ಸಾಧ್ಯಾನಾ?

1954ರ ಏಪ್ರಿಲ್‌ನಲ್ಲಿ ಮೈಲ್ಸ್ ಡೇವಿಸ್ ಅವರ "ವಾಕಿನ್". ಹನ್ನೆರಡು ಮಾತ್ರೆಗಟ್ಟಿನ ಬ್ಲೂಸ್, ಆರಾಮ ನಡಿಗೆ. ಇಲ್ಲಿ ಜೆ.ಜೆ. ಸರದಿ ಬಂದಾಗ ಅವಸರವೇ ಇಲ್ಲ. ಜಾಗ ಬಿಟ್ಟು ಬಿಟ್ಟು ನುಡಿಸ್ತಾರೆ. ವೇಗ ಇರೋರು ನಿಧಾನ ಆಯ್ಕೆ ಮಾಡಿಕೊಂಡಾಗ ಅದರ ತೂಕವೇ ಬೇರೆ.

ಅದೇ ವರ್ಷ ಡೆನ್ಮಾರ್ಕ್ ಮೂಲದ ಕಾಯ್ ವಿಂಡಿಂಗ್ ಜೊತೆ ಸೇರಿ ಎರಡು ಟ್ರಾಂಬೋನ್‌ಗಳದ್ದೇ ಒಂದು ತಂಡ ಕಟ್ಟಿದ್ರು. ಎರಡು ಟ್ರಾಂಬೋನ್! ಯಾರು ಕೇಳ್ತಾರೆ ಅನ್ಸುತ್ತಲ್ವಾ? ಜನ ಕೇಳಿದ್ರು. "ಜೇ ಅಂಡ್ ಕಾಯ್" ದೊಡ್ಡ ಹೆಸರಾಯ್ತು. ನೌಕರಿ ಬಿಟ್ಟು ಪೂರ್ತಿ ವಾಪಸ್ ಬಂದ್ರು.

(6/7)
ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 1957ರ "ಬ್ಲೂ ಟ್ರಾಂಬೋನ್", ಪಿಯಾನೋ ಟಾಮಿ ಫ್ಲಾನಗನ್, ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಮ್ಯಾಕ್ಸ್ ರೋಚ್. ಹೊಸಬರು ಶುರು ಮಾಡೋಕೆ ನನ್ನ ಪ್ರಕಾರ ಇದೇ ಸರಿ, ಯಾಕಂದ್ರೆ ಬೇರೆ ಊದುವ ವಾದ್ಯ ಇಲ್ಲ, ಅವರ ದನಿ ಮಾತ್ರ. ಅದೇ ವರ್ಷ ಅವರು ಬರೆದ "ಲಮೆಂಟ್" ಅನ್ನೋ ನಿಧಾನದ ರಚನೆಯನ್ನ ಮೈಲ್ಸ್ ಡೇವಿಸ್ ತಮ್ಮ "ಮೈಲ್ಸ್ ಅಹೆಡ್" ಆಲ್ಬಮ್‌ಗೆ ತಗೊಂಡ್ರು. ಅದೇ 1957ರಲ್ಲಿ ಜಾನ್ ಕೋಲ್ಟ್ರೇನ್ ಅವರ "ಬ್ಲೂ ಟ್ರೇನ್"ನಲ್ಲಿ ಟ್ರಾಂಬೋನ್ ನುಡಿಸಿದ ಕರ್ಟಿಸ್ ಫುಲ್ಲರ್‌ನ ಕೇಳಿದ್ರೆ ಜೆ.ಜೆ. ತೆರೆದ ಬಾಗಿಲು ಎಷ್ಟು ಅಗಲ ಅಂತ ಗೊತ್ತಾಗುತ್ತೆ.

1970ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಸಿನಿಮಾ, ಟೀವಿಗೆ ಸಂಗೀತ ಬರೆದ್ರು. ವೇದಿಕೆ ಹೆಚ್ಚುಕಮ್ಮಿ ಬಿಟ್ಟೇ ಬಿಟ್ರು. ಮತ್ತೆ 1988ರಲ್ಲಿ, 64ರ ವಯಸ್ಸಲ್ಲಿ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದು ಎರಡು ಆಲ್ಬಮ್ ಆಗಿ ಬಂತು. ಎರಡನೇ ಸಲ ಬಿಟ್ಟಿದ್ದು, ಎರಡನೇ ಸಲ ವಾಪಸ್ ಬಂದಿದ್ದು.

2001ರ ಫೆಬ್ರವರಿ 4ರಂದು ಹುಟ್ಟೂರು ಇಂಡಿಯಾನಾಪೊಲಿಸ್‌ನಲ್ಲಿ ತೀರಿಕೊಂಡ್ರು. ನಾನು ಆಗ ಹುಟ್ಟಿರಲಿಲ್ಲ.

(7/7)
ಈಗ ಆ ವಯೊಲಿನ್ ಪೆಟ್ಟಿಗೆ.

ಏಳು ವರ್ಷ ಕಲಿತೆ. ಎರಡನೇ ಪಿಯುಸಿಯಲ್ಲಿ ಬಿಟ್ಟೆ. ಯಾರೂ ಬಲವಂತ ಮಾಡಲಿಲ್ಲ, ಅಪ್ಪ "ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ" ಅಂದ್ರು ಅಷ್ಟೇ. ಪರೀಕ್ಷೆ ಮುಗೀತು. ಆಮೇಲೆ ಡಿಗ್ರಿ ಸೇರಿದೆ, ಟ್ಯೂಷನ್ ಹೇಳಿಕೊಡೋಕೆ ಶುರು ಮಾಡಿದೆ, ಈಗ ಆರ್ಟಿಕಲ್‌ಶಿಪ್ ಮಾತು ನಡೀತಿದೆ. ಪೆಟ್ಟಿಗೆ ಅಟ್ಟದ ಮೇಲೆ ಹೋಯ್ತು. ಯಾರಾದ್ರೂ ಕೇಳಿದ್ರೆ "ಮುಂಚೆ ನುಡಿಸ್ತಿದ್ದೆ" ಅಂತ ಭೂತಕಾಲದಲ್ಲಿ ಹೇಳೋದು ಅಭ್ಯಾಸ ಆಗಿತ್ತು. ಒಂದು ಸಲ ಬಿಟ್ಟೋರು ಕಲಾವಿದರಲ್ಲ, ನಿಜವಾದವರು ಬಿಡೋದೇ ಇಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ. ಅದು ನನಗೆ ಅನುಕೂಲವಾಗಿಯೂ ಇತ್ತು, ಯಾಕಂದ್ರೆ ಆಮೇಲೆ ಪ್ರಯತ್ನ ಮಾಡೋ ಅಗತ್ಯವೇ ಇರಲ್ಲ.

ಜೆ.ಜೆ. ಬ್ಲೂಪ್ರಿಂಟ್ ಕಥೆ ಆ ಅನುಕೂಲವನ್ನ ಕಿತ್ಕೊಳ್ತು.

ನಾನು ಜೆ.ಜೆ. ಅಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ನೌಕರಿ ಬಿಡ್ತೀನಿ, ಸಂಗೀತವೇ ಜೀವನ ಅಂತೆಲ್ಲ ಡೈಲಾಗ್ ಹೊಡೀತಿಲ್ಲ. ಸಿಎ ಮಾಡ್ತೀನಿ. ಆದ್ರೆ ಲೆಕ್ಕ ನೋಡೋ ಕೆಲಸಕ್ಕೂ ವಾದ್ಯಕ್ಕೂ ಜಗಳ ಇದೆ ಅಂದ್ಕೊಂಡಿದ್ದೆನಲ್ಲ, ಅದು ತಪ್ಪು. ತಪ್ಪು ಹುಡುಕೋ ಕಣ್ಣು, ಬೇಡದ್ದನ್ನ ಬಿಡೋ ಶಿಸ್ತು, ಅವರ ನುಡಿಸಾಣಿಕೆಯಲ್ಲೂ ಅದೇ ಇದೆ.

ಹೋದ ತಿಂಗಳು ಪೆಟ್ಟಿಗೆ ಕೆಳಗಿಳಿಸಿದೆ. ಒಂದು ತಂತಿ ಹೋಗಿತ್ತು, ಬಿಲ್ಲಿನ ಕೂದಲು ಸಡಿಲ. ರಿಪೇರಿ ಮಾಡಿಸಿ ನುಡಿಸಿದ್ರೆ, ಅಯ್ಯೋ, ಎಲ್ಲಾ ಸ್ವರನೂ ಜಾರು. ನಮ್ಮ ಮೇಷ್ಟ್ರು ಹೇಳ್ತಿದ್ದದ್ದು ನೆನಪಾಯ್ತು: ಬೇಕು ಅಂತ ಜಾರಿದ್ರೆ ಗಮಕ, ಗೊತ್ತಿಲ್ದೆ ಜಾರಿದ್ರೆ ತಪ್ಪು. ಆಗ ಬೈಗುಳ ಅಂದ್ಕೊಂಡಿದ್ದೆ. ಟ್ರಾಂಬೋನ್ ಕೇಳಿದ ಮೇಲೆ ಅರ್ಥ ಆಯ್ತು.

ಈಗ ದಿನಾ ರಾತ್ರಿ ಊಟ ಆದ್ಮೇಲೆ ಇಪ್ಪತ್ತು ನಿಮಿಷ. ಸರಳೆ ವರಸೆ, ಒಂದನೇ ಕಾಲ. ಪಕ್ಕದ ಮನೆಯವರು ಇನ್ನೂ ಏನೂ ಅಂದಿಲ್ಲ, ದೇವರು ದೊಡ್ಡವನು. ಮೊನ್ನೆ ಅಪ್ಪ ಬಾಗಿಲ ಹತ್ರ ಬಂದು ನಿಂತ್ಕೊಂಡು ಕೇಳಿ, ಏನೂ ಹೇಳದೆ ಟೀವಿ ಸೌಂಡ್ ಕಮ್ಮಿ ಮಾಡಿದ್ರು.

ನಿಮ್ಮ ಅಟ್ಟದ ಮೇಲೆ ಏನಿದೆ? ಗೆಜ್ಜೆ, ಕ್ರಿಕೆಟ್ ಬ್ಯಾಟ್, ಬಣ್ಣದ ಡಬ್ಬಿ, ಅರ್ಧ ಬರೆದ ಕಥೆ, ಯಾವುದಾದ್ರೂ ಸರಿ. ಕಾಮೆಂಟ್‌ನಲ್ಲಿ ಹೇಳಿ. ಹೇಳೋಕೆ ನಾಚಿಕೆ ಆದ್ರೆ ಬೇಡ, "ಗೆಟ್ ಹ್ಯಾಪಿ" ಹಾಕ್ಕೊಂಡು ಅಟ್ಟ ಹತ್ತಿ.

#ಜೆಜೆಜಾನ್ಸನ್ #ಟ್ರಾಂಬೋನ್ #ಜಾಝ್ #ಅಟ್ಟದಮೇಲೆ #ಕನ್ನಡದಲ್ಲಿ